ಹಳೆಯ ರೂಟರಿನ ಮೇಲಿನ ದೂರು

ಗಂಗಾಧರನ ಮನೆಯಲ್ಲಿ ವೈಫೈ ನಿಂತರೆ ಅವನಿಗೆ ಕ್ರಿಕೆಟ್ ನಿಲ್ಲುತ್ತಿತ್ತು, ತಾಯಿ ದಾಕ್ಷಾಯಣಮ್ಮನಿಗೆ ಧಾರಾವಾಹಿ ನಿಲ್ಲುತ್ತಿತ್ತು. ತಂಗಿ ಮೇಘನಳಿಗೆ ಮಾತೇ ನಿಂತುಹೋಗುತ್ತಿತ್ತು.

ಮೇಘನಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕೆಳಗೆ ಅಣ್ಣನ ಪೇಂಟ್ ಅಂಗಡಿ, ಮೇಲೆ ಮನೆ. ಹಗಲೆಲ್ಲ ಅವಳು ಊರಿನ ಫೋಟೋ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಮ್ ಜೋಡಿಸುವ ಕೆಲಸ ಮಾಡುತ್ತಿದ್ದಳು. ಸಂಜೆ ಬಂದು ಕೈಕಾಲು ತೊಳೆದು, ಕಾಫಿ ಕುಡಿದು, ತನ್ನ ಕೋಣೆಯ ಮೇಜಿನ ಮೇಲೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿ, ಶೃಂಗೇರಿಯ ಅಪೂರ್ವಾಳಿಗೆ ವೀಡಿಯೊ ಕಾಲ್ ಮಾಡುವಳು. ಇಬ್ಬರೂ ಶಿವಮೊಗ್ಗದಲ್ಲಿ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಒಂದೇ ಚಾಪೆ ಹಂಚಿಕೊಂಡು ಬೆಳೆದವರು. ಕೈಮಾತು ಕಲಿತದ್ದು ಅಲ್ಲಿ. ಅದಕ್ಕೆ ಮೊದಲು ಇಬ್ಬರಿಗೂ ಭಾಷೆ ಅಂತ ಒಂದು ಇರಲೇ ಇಲ್ಲ.

ಮೆಸೇಜ್ ಕಳಿಸಿದರೆ ಸಾಲದೇ ಎಂದು ಗಂಗಾಧರ ಎಷ್ಟೋ ಸಲ ಕೇಳಿದ್ದ. ಕಳಿಸುತ್ತಿದ್ದರು, ಊಟ ಆಯ್ತಾ, ಹಬ್ಬಕ್ಕೆ ಸೀರೆ ತಂದೆ, ಇಂಥವನ್ನು. ಆದರೆ ಅಪೂರ್ವಾಳಿಗೆ ಬರೆಯುವ ಕನ್ನಡ ಕೊನೆಗೂ ಒಗ್ಗಿರಲಿಲ್ಲ. ಕೈಯಲ್ಲಿ ಊರವರನ್ನೆಲ್ಲ ಅಣಕಿಸಿ ನಗಿಸುವವಳು ಬರೆಯಲು ಕೂತರೆ ನಾಲ್ಕು ಪದಕ್ಕೆ ತಡವರಿಸುತ್ತಿದ್ದಳು. ಅವಳು ಅವಳಾಗಿ ಸಿಗುತ್ತಿದ್ದದ್ದು ಕೈಯಲ್ಲಿ ಮಾತ್ರ. ಮೊಬೈಲ್ ಡೇಟಾ ಆ ಕೋಣೆಯೊಳಗೆ ಬರುತ್ತಿರಲಿಲ್ಲ. ಹಾಗಾಗಿ ಎಲ್ಲವೂ ಹಾಲ್‌ನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ, ಬಿಳಿ ಬಣ್ಣ ಹಳದಿಗೆ ತಿರುಗಿದ್ದ ಆ ರೂಟರಿನ ಮೇಲೆ ನಿಂತಿತ್ತು.

ಗಂಗಾಧರನ ಹೆಂಡತಿ ಅರ್ಪಣಾ ಆ ಮನೆಗೆ ಸೀತೂರಿನಿಂದ ಬಂದವಳು. ಬಂದ ಹೊಸದರಲ್ಲಿ ಗಂಡ ಅಂಗಡಿಯಲ್ಲಿ, ಅತ್ತೆ ಟಿವಿಯ ಮುಂದೆ. ಇವಳ ಎದುರಿಗೆ ಪುರುಸೊತ್ತಿನಿಂದ ಕೂತು ಮುಖ ನೋಡಿದವಳು ಮೇಘನ ಒಬ್ಬಳೇ. ಆ ಮನೆಯವರಿಗೆ ಊಟ, ಸ್ನಾನ, ಹೋಗು, ಬಾ ಇಷ್ಟೇ ಸನ್ನೆ ಗೊತ್ತಿತ್ತು. ಅರ್ಪಣಾ ಹಟ ಹಿಡಿದು ಕಲಿತಳು. ಮೊದಮೊದಲು ತಪ್ಪು ಮಾಡಿದಾಗ ಮೇಘನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಮೇಘನಳ ಕೈ ಆಡಿದ್ದೆಲ್ಲ ಅರ್ಪಣಾಳ ತಲೆಯೊಳಗೆ ಸೀತೂರಿನ ಕನ್ನಡದಲ್ಲೇ ಕೇಳುತ್ತಿತ್ತು. ಆದರೂ ಸಂಜೆ ಆ ಬಾಗಿಲು ಮುಚ್ಚಿ ಮೇಘನ ಅಪೂರ್ವಾಳೊಡನೆ ಕೂತಾಗ, ಒಳಗಿನಿಂದ ಅವಳ ಗಂಟಲಿನ ಆ ಒಡಕು ನಗು ಕೇಳಿದಾಗ, ತನ್ನೆದುರು ಅವಳು ಹಾಗೆ ನಗುವುದಿಲ್ಲವಲ್ಲ ಎಂದು ಅರ್ಪಣಾಳಿಗೆ ಒಂದು ಸಣ್ಣ ಹೊಟ್ಟೆಕಿಚ್ಚು ಆಗದೆ ಇರುತ್ತಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ರೂಟರ್ ಕಾಟ ಕೊಡಲು ಶುರುಮಾಡಿತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ವೈಫೈ ದೀಪ ಆರಿಸಿಕೊಂಡು ಕೂರುವುದು. ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಹಸಿರು ದೀಪ ಮಿಣುಕಿ ಜೀವ ಬರುವುದು. ಅದು ಬರುವಷ್ಟರಲ್ಲಿ ಮೇಘನ ಕೋಣೆಯಿಂದ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಆ ದೀಪವನ್ನೇ ಗುರಾಯಿಸುತ್ತಾ ನಿಂತಿರುವಳು.

"ಮಾತಿನ ಮಧ್ಯೆ ಕಡ್ದು ಬಿಡ್ತದೆ ಅತ್ತಿಗೆ," ಎಂದು ಅವಳ ಕೈ ಹೇಳುತ್ತಿತ್ತು. "ಅವಳಿಗೆ ಸಿಟ್ಟು ಬಂದಿದೆ. ನೀನು ಅರ್ಧ ಅರ್ಧ ಬರ್ತೀಯ ಅಂತಾಳೆ. ಕೈ ಎತ್ತಿದ್ದು ಕಾಣ್ತದಂತೆ, ಎಂಥ ಹೇಳ್ದೆ ಅನ್ನೋದು ಕಾಣಲ್ವಂತೆ."

ಅರ್ಪಣಾ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಗೋಡೆಯಿಂದ ಇಳಿಸಿ ಧೂಳು ಒರೆಸಿದಳು. ಮುಟ್ಟಿದರೆ ಬಿಸಿಬಿಸಿ ಕಾವಲಿಯಂತಿತ್ತು. ಸ್ಟೂಲಿನ ಮೇಲಿಟ್ಟು ಟೇಬಲ್ ಫ್ಯಾನ್ ತಿರುಗಿಸಿ ನೋಡಿದಳು. ಕೋಣೆಯ ಬಾಗಿಲಿನ ಹತ್ತಿರಕ್ಕೆ ತಂದಳು. ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದೂ ಅವಳೇ. ಮೇಘನ ಮಾಡುವಂತಿಲ್ಲ, ಅದು ಒಂದು ಒತ್ತಿ ಎರಡು ಒತ್ತಿ ಎಂದು ಕಿವಿಗೆ ಹೇಳುವ ಯಂತ್ರ. ಫೋನ್ ಹಿಡಿದು ಅರ್ಪಣಾ ಕಾಯುತ್ತಿದ್ದರೆ ಮೇಘನ ಎದುರಿಗೆ ನಿಂತು, "ಎಂಥ ಅಂದ್ರು? ಎಂಥ ಅಂದ್ರು?" ಎಂದು ಕೇಳುತ್ತಲೇ ಇರುವಳು.

"ಹಾಡು ಹಾಕಿದ್ದಾರೆ ಮಾರಾಯ್ತಿ."

"ಹಾಡು ಯಾಕೆ?"

"ನಂಗೂ ಗೊತ್ತಿಲ್ಲ."

ಕೊನೆಗೆ ಊರಿನಲ್ಲಿ ಲೈನ್ ನೋಡಿಕೊಳ್ಳುವ ವಿಜಯ್ ಬಂದ. ವಯರಿನ ತುದಿ ಬಿಚ್ಚಿ ಒರೆಸಿ ಹಾಕಿದ, ತನ್ನ ಮೊಬೈಲ್‌ನಲ್ಲಿ ಏನೋ ನೋಡಿದ. "ಲೈನ್ ಸರಿ ಇದೆ ಅಕ್ಕ. ಬಾಕ್ಸ್ ಹಳೇದಾಯ್ತು, ಕರೆಂಟ್ ಏರುಪೇರಾದ್ರೆ ತಡ್ಕೊಳಲ್ಲ. ಅಡಾಪ್ಟರ್ ಬೇರೆ ಹಾಕಿ ನೋಡಣ, ಆಗದಿದ್ರೆ ಹೊಸದೇ ಗತಿ," ಎಂದ. ಅಡಾಪ್ಟರ್ ಬದಲಾಯಿಸಿದ ಮೇಲೆ ಒಂದು ವಾರ ನೆಟ್ಟಗಿತ್ತು. ಆಮೇಲೆ ಮತ್ತೆ ಅದೇ ಹಾಡು.

ಗಂಗಾಧರನಿಗೆ ಇದೆಲ್ಲ ಅತಿಯಾಗಿ ಕಂಡಿತು. "ಆಫ್ ಮಾಡಿ ಆನ್ ಮಾಡಿದ್ರೆ ಬರ್ತದಲ್ಲ. ದಿನಾ ಸಂಜೆ ಅದೇ ಅಪೂರ್ವಾನ ಹತ್ರ ಅದೆಂಥ ಮುಗಿಯದ ಮಾತು ಇವಳಿಗೆ?"

"ನೀವು ದಿನಕ್ಕೆ ಎಷ್ಟು ಜನರ ಹತ್ರ ಮಾತಾಡ್ತೀರಿ?" ಎಂದಳು ಅರ್ಪಣಾ. "ಅಂಗಡಿಗೆ ಬಂದವರು, ಹೋದವರು, ಪಕ್ಕದ ಹೋಟೆಲಿನವರು. ಅವಳಿಗಿರೋದು ಒಬ್ಬಳು ಕಣ್ರೀ."

"ನೀನಿಲ್ವಾ?"

"ನಾನು ಕಲ್ತವಳು. ಅಪೂರ್ವಾ ಹಂಗಲ್ಲ."

ಗಂಗಾಧರ ಯುಗಾದಿಯ ಮುಂಚೆ ಬಣ್ಣದ ಮಾಲು ತರಲು ಶಿವಮೊಗ್ಗಕ್ಕೆ ಹೋದವನು ಬರುವಾಗ ಹೊಸ ರೂಟರ್ ತಂದು ಟೀಪಾಯಿಯ ಮೇಲಿಟ್ಟು, "ತಗೊಳ್ಳಿ, ನಿಮ್ಮ ಯುಗಾದಿ," ಎಂದ.

ಕಪ್ಪು ಬಣ್ಣದ್ದು, ಮೇಲೆ ನಾಲ್ಕು ಕೋಡು. ವಿಜಯ್ ಬಂದು ಹಳೆಯದನ್ನು ಇಳಿಸಿ ಅದನ್ನು ಕೂರಿಸಿ, ವೈಫೈಗೆ ಹೆಸರು ಏನು ಇಡಲಿ ಎಂದು ಕೇಳಿದ. ಅರ್ಪಣಾ ಮೇಘನಳನ್ನು ಕೇಳಿದಳು. ಮೇಘನ ಯೋಚಿಸಿ, ಹಾಸ್ಟೆಲಿನ ತಮ್ಮ ಕೋಣೆಯ ನಂಬರ್ ಹೇಳಿದಳು. ಗೋಡೆಯ ಮೇಲೆ ಹಳೆಯ ಡಬ್ಬಿ ಇದ್ದಷ್ಟು ಜಾಗ ಮಾತ್ರ ಅಚ್ಚ ಬಿಳಿಯಾಗಿ ಉಳಿಯಿತು. ದಾಕ್ಷಾಯಣಮ್ಮ ಅಡುಗೆಮನೆಯ ಮೂಲೆಯಲ್ಲಿ ಫೋನ್ ಹಿಡಿದು, "ಇಲ್ಲೂ ಬರ್ತದಲ್ಲೇ!" ಎಂದು ಕೂಗಿದರು. ಮೇಘನ ಮನೆಯೆಲ್ಲ ಸುತ್ತಿ ನೋಡಿದಳು. ಕೋಣೆ, ಮೆಟ್ಟಿಲು, ಬಚ್ಚಲಿನ ಬಾಗಿಲು, ಎಲ್ಲ ಕಡೆಯೂ ಚಿತ್ರ ಕನ್ನಡಿಯಂತೆ ನಿಂತಿತ್ತು.

ಆ ಸಂಜೆ ಮೇಘನ ಕೂದಲು ಬಾಚಿ, ಒಳ್ಳೆಯ ಚೂಡಿದಾರ ಹಾಕಿಕೊಂಡು ಕೂತಳು. ಅರ್ಪಣಾಳನ್ನೂ ಪಕ್ಕದಲ್ಲಿ ಎಳೆದು ಕೂರಿಸಿಕೊಂಡಳು. ಅಪೂರ್ವಾ ಪರದೆಯ ಮೇಲೆ ಬಂದಳು. ದುಂಡು ಮುಖ, ಮೂಗುಬೊಟ್ಟು, ಹಿಂದೆ ಗೋಡೆಗೆ ತೂಗುಹಾಕಿದ ಪಂಚಾಂಗ. ಅದರ ಮೇಲಿನ ಅಕ್ಷರ ಕೂಡ ಓದಬಹುದಿತ್ತು.

"ಹೊಸದು! ಹೆಂಗೆ ಕಾಣ್ತೀನಿ?" ಎಂದು ಮೇಘನ ಕೈ ಬೀಸಿದಳು.

ಅಪೂರ್ವಾ ಫೋನನ್ನು ಮುಖದ ಹತ್ತಿರ ತಂದಳು, ದೂರ ಮಾಡಿದಳು. ಆಮೇಲೆ ಹೇಳಿದಳು: "ಇಲ್ಲ ಮಾರಾಯ್ತಿ. ಹಂಗೇ ಇದೆ. ಕಡ್ದು ಕಡ್ದು ಬರ್ತಿದೆ."

ಮೇಘನಳ ಮುಖ ಇಳಿಯಿತು. ಮರುದಿನ ವಿಜಯ್ ಮತ್ತೆ ಬಂದ, ಏನೇನೋ ಬದಲಾಯಿಸಿದ. ಮೇಘನ ಶಿವಮೊಗ್ಗದ ಇನ್ನೊಬ್ಬ ಹಳೆಯ ಸಹಪಾಠಿಗೆ ವೀಡಿಯೊ ಕಾಲ್ ಮಾಡಿದಳು. ಅವಳು, ನೀನು ಟಿವಿಯಲ್ಲಿ ಬಂದ ಹಾಗೆ ಕಾಣ್ತೀಯ ಎಂದಳು. ಅರ್ಪಣಾ ಸೀತೂರಿನ ತನ್ನ ತಮ್ಮನಿಗೆ ಮಾಡಿಸಿ ನೋಡಿದಳು, ಅದೂ ಸರಿ ಇತ್ತು. ಕೆಟ್ಟದ್ದು ಶೃಂಗೇರಿಯ ಕಡೆಯದ್ದೇ ಇರಬೇಕೆಂದು ಮೇಘನ ತೀರ್ಮಾನಿಸಿದಳು.

"ನಿಮ್ಮನೆ ಬಾಕ್ಸ್ ಚೇಂಜ್ ಮಾಡು. ನಿಂದೇ ಹಾಳಾಗಿದ್ದು," ಎಂದಳು.

"ನಂದು ಸರಿ ಇದೆ. ನನ್ನ ತಮ್ಮ ನೋಡಿದ್ದಾನೆ. ನಿಂದೇ," ಎಂದಳು ಅಪೂರ್ವಾ.

"ನಾನು ಹೊಸದು ಹಾಕ್ಸಿದ್ದೀನಿ. ಅಣ್ಣನ ಹತ್ರ ಬೈಸ್ಕೊಂಡು ಹಾಕ್ಸಿದ್ದು."

"ಹಾಕ್ಸು ಅಂತ ನಾನು ಹೇಳಿದ್ನಾ?"

ಹಾಗೆ ಮಾತು ಬೆಳೆಯಿತು. ಅಪೂರ್ವಾ ಫೋನ್ ಕವುಚಿ ಹಾಕಿದಳು. ಆಮೇಲೆ ಕೆಲವು ಸಂಜೆ ಅವಳು ಕಾಲ್ ಎತ್ತಲೇ ಇಲ್ಲ. ಬರುತ್ತಿದ್ದದ್ದು ಒಂದೇ ಮೆಸೇಜು: "ನೆಟ್ ಇಲ್ಲ. ನಾಳೆ." ಮೇಘನ ಆ ಮೆಸೇಜನ್ನು ಅರ್ಪಣಾಳಿಗೆ ತೋರಿಸಿ, "ಇವಳಿಗೆ ನಾನು ಬೇಡ ಆಗಿದ್ದೀನಿ. ನೆಟ್ ಅಂತ ನೆಪ," ಎಂದಳು. ಸ್ಟುಡಿಯೋದಿಂದ ತಡವಾಗಿ ಬರತೊಡಗಿದಳು. ದಾಕ್ಷಾಯಣಮ್ಮ, "ಇವಳಿಗೆ ಯಾರಾದ್ರೂ ಏನಾದ್ರೂ ಅಂದ್ರನೇ?" ಎಂದು ಸೊಸೆಯನ್ನು ಗುಟ್ಟಾಗಿ ಕೇಳಿದರು. ರೂಟರಿನ ಜಗಳ ಅಂತ ಹೇಳಲು ಅರ್ಪಣಾಳಿಗೆ ಬಾಯಿ ಬರಲಿಲ್ಲ.

ಕೊನೆಗೆ ಸೋತವಳು ಮೇಘನಳೇ. ಒಂದು ಭಾನುವಾರ ಇನ್ನೂ ಬಿಸಿಲಿರುವಾಗಲೇ ಕಾಲ್ ಮಾಡಿದಳು, ಅಪೂರ್ವಾ ಎತ್ತಿದಳು. ಇಬ್ಬರೂ ಜಗಳವನ್ನು ಎತ್ತಲಿಲ್ಲ. ಅರ್ಪಣಾ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮೇಘನ ಸ್ಟುಡಿಯೋದ ಕಥೆ ಹೇಳುತ್ತಿದ್ದಳು: ಮದುವೆಯಾದ ಮೇಲೆ ಬೀಗರಿಗೆ ಮನಸ್ತಾಪವಾಗಿ, ಹುಡುಗನ ಚಿಕ್ಕಪ್ಪನನ್ನು ಎಲ್ಲ ಫೋಟೋಗಳಿಂದ ತೆಗೆದುಹಾಕಬೇಕೆಂದು ಹುಡುಗಿಯ ಅಪ್ಪ ಹೇಳಿದ್ದು, ಚಿಕ್ಕಪ್ಪ ಪ್ರತಿ ಫೋಟೋದಲ್ಲೂ ಮದುಮಗನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದು. ಅಪೂರ್ವಾ ಫೋನನ್ನು ಎಷ್ಟು ಹತ್ತಿರ ಹಿಡಿದಿದ್ದಳೆಂದರೆ ಪರದೆಯ ತುಂಬ ಅವಳ ಒಂದು ಕಣ್ಣು, ಅರ್ಧ ಮೂಗು ಮಾತ್ರ ಕಾಣುತ್ತಿತ್ತು. ಹಕ್ಕಿ ಕಾಳು ನೋಡುವ ಹಾಗೆ ತಲೆಯನ್ನು ಅತ್ತ ಇತ್ತ ಓರೆ ಮಾಡುತ್ತಿದ್ದಳು.

ಅರ್ಪಣಾ ಬಗ್ಗಿ, ಚಿತ್ರದ ಅಂಚಿನಿಂದ ಕೈ ತೂರಿಸಿ ಬೀಸಿದಳು. ಅಪೂರ್ವಾಳಿಗೆ ಅವಳನ್ನು ಕಂಡರೆ ಇಷ್ಟ. ಯಾವಾಗಲೂ ಗಲ್ಲದ ಮೇಲೆ ಬೆರಳಿಟ್ಟು, ಗುಳಿ ಬೀಳುವ ಕೆನ್ನೆಯವಳು ಎಂದು ಕೈಮಾತಿನಲ್ಲಿ ತಾನಿಟ್ಟ ಹೆಸರು ಕರೆದು ನಗುವಳು. ಈಗ ಏನೂ ಇಲ್ಲ. ಅರ್ಪಣಾ ಇನ್ನೂ ಜೋರಾಗಿ ಬೀಸಿದಳು. ಅಪೂರ್ವಾಳ ಕಣ್ಣು ಕದಲಲಿಲ್ಲ.

ಮೇಘನ ಅದನ್ನು ಗಮನಿಸಿದಳು. ಮಾತು ನಿಲ್ಲಿಸಿ, ತನ್ನ ಕೈಯನ್ನು ಮೆಲ್ಲಗೆ ಚಿತ್ರದ ಕೆಳಮೂಲೆಗೆ ಇಳಿಸಿ, ಬೆರಳುಗಳನ್ನು ಚಕಚಕನೆ ಆಡಿಸಿದಳು.

"ನಿಂತುಬಿಡ್ತು. ನೋಡು, ಮತ್ತೆ ಸ್ಟಕ್ ಆಯ್ತು," ಎಂದಳು ಅಪೂರ್ವಾ.

ಮೇಘನ ಕೈಯನ್ನು ಎತ್ತಿ ಸರಿಯಾಗಿ ತನ್ನ ಮುಖದ ನಡುವೆ ಹಿಡಿದು ಕೇಳಿದಳು: "ಈಗ?"

"ಹಾಂ, ಈಗ ಬಂತು."

ಕೈ ಇಳಿಸಿ ಮೂಲೆಯಲ್ಲಿ ಆಡಿಸಿದಳು.

"ಹೋಯ್ತು."

ಎತ್ತಿದಳು.

"ಬಂತು. ಎಂಥದೇ ಇದು, ನಿಮ್ಮ ಹೊಸ ಬಾಕ್ಸೂ ಹಿಂಗೇ!"

ಮೇಘನಳ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಅರ್ಪಣಾ ಮಡಚುತ್ತಿದ್ದ ಟವೆಲ್ಲು ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅತ್ತಿಗೆ ನಾದಿನಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಘನ ಕೈಯನ್ನು ಮುಖದ ಮುಂದೆಯೇ ಇಟ್ಟುಕೊಂಡು, ಒಂದೊಂದೇ ಸನ್ನೆಯನ್ನು ನಿಧಾನವಾಗಿ ಮಾಡಿ, "ಹೌದು. ನಂದೇ ನೆಟ್ ಸರಿ ಇಲ್ಲ. ಹೇಳ್ತೀನಿ ವಿಜಯ್‌ಗೆ," ಎಂದಳು.

ಮರುದಿನ ಇಬ್ಬರೂ ಬೆಳಗಿನ ಬಸ್ಸು ಹತ್ತಿದರು. ಯಾಕೆ, ಏನು ಎಂದು ಗಂಗಾಧರನಿಗೆ ಅರ್ಪಣಾ ಅಂಗಡಿಯ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿದ್ದಳು. ಅವನು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು, ತಂಗಿಯ ತಲೆ ಮುಟ್ಟಿ ಒಳಗೆ ಹೋದ. ಕೊಪ್ಪದಲ್ಲಿ ಬಸ್ಸು ಬದಲಾಯಿಸುವಾಗ ಮೇಘನ ಏನನ್ನೂ ತಿನ್ನಲೊಪ್ಪಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನೆರಡು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಿದ್ದಳು.

ಅಪೂರ್ವಾಳ ಮನೆ ಶೃಂಗೇರಿಯ ಪೇಟೆಯ ಹಿಂದಿನ ಓಣಿಯಲ್ಲಿತ್ತು. ತಂದೆ ಗಣಪತಿ ಭಟ್ಟರು ಪೌರೋಹಿತ್ಯಕ್ಕೆ ಹೋಗಿದ್ದರು. ಬಾಗಿಲು ತೆಗೆದದ್ದು ತಾಯಿ ಭಾರ್ಗವಿ. ಮೇಘನಳನ್ನು ಕಂಡು ಒಂದು ಗಳಿಗೆ ಅವರ ಮುಖ ಅರಳಿತು, ಕೂಡಲೇ ಮುದುಡಿತು.

"ಬನ್ನಿ ಬನ್ನಿ. ಆಸರಿಗೆ ಎಂತ ಕುಡೀತೀರಿ? ಬಿಸ್ಲಲ್ಲಿ ಬಂದ್ರಿ," ಎಂದರು. ಆಮೇಲೆ ಅರ್ಪಣಾಳ ಹತ್ತಿರ ಸರಿದು, "ಗೊತ್ತಾಯ್ತಾ ಅವಳಿಗೆ?" ಎಂದು ಪಿಸುಗುಟ್ಟಿದರು. ಆ ಮನೆಯಲ್ಲಿ ಪಿಸುಗುಟ್ಟುವ ಅಗತ್ಯವಿರಲಿಲ್ಲ.

ಅಪೂರ್ವಾ ಹಿಂದಿನ ಪಡಸಾಲೆಯಲ್ಲಿ, ಬೆಳಕು ಬೀಳುವ ಕಡೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ದೇವಸ್ಥಾನದ ಬೀದಿಯ ಅಂಗಡಿಗಳಿಗೆ ಅವಳ ಬತ್ತಿಯೇ ಹೋಗುತ್ತಿತ್ತು. ಹತ್ತಿ ಅವಳ ಬೆರಳಲ್ಲಿ ತಾನೇ ತಿರುಗುತ್ತಿತ್ತು, ಅವಳು ಅದನ್ನು ನೋಡುತ್ತಿರಲಿಲ್ಲ. ಮೇಘನ ಬಾಗಿಲಲ್ಲಿ ನಿಂತಳು. ಅಪೂರ್ವಾ ತಲೆ ಎತ್ತಲಿಲ್ಲ. ಮೇಘನ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಆಗಲೂ ಇಲ್ಲ.

ಭಾರ್ಗವಿ ಸೆರಗಿನಿಂದ ಬಾಯಿ ಒತ್ತಿಕೊಂಡು ಅರ್ಪಣಾಳಿಗೆ ಹೇಳಿದರು: "ಸಣ್ಣವಳಿದ್ದಾಗಿಂದ್ಲೂ ಕತ್ತಲಾದ್ರೆ ಕೂಸಿಗೆ ಕಾಣ್ತಿರ್ಲಿಲ್ಲ. ಇರುಳುಗಣ್ಣು ಅಂತ ಬಿಟ್ವಿ. ಹೋದ ವರ್ಷ ಮೆಟ್ಲಲ್ಲಿ ಬಿದ್ದಾಗ ದೊಡ್ಡ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ. ಕಿವಿ ಹೋಗಿದ್ದೂ ಕಣ್ಣು ಹೋಗ್ತಿರೋದೂ ಒಂದೇ ಬೇರಿಂದಂತೆ. ಹುಟ್ಟಿದಾಗಲೇ ಇತ್ತಂತೆ. ಕಣ್ಣೊಳಗಿನ ಪರದೆ ಸುತ್ತಲಿಂದ ಒಣಗ್ತಾ ಬರ್ತದಂತೆ. ಈಗ ಕೊಳವೆ ಒಳಗಿಂದ ನೋಡ್ದಂಗೆ ನಡುವೆ ಇಷ್ಟೇ ಕಾಣೋದು. ಔಷಧ ಇಲ್ಲ ಅಂದ್ರು."

"ಮೇಘನಂಗೆ ಯಾಕೆ ಹೇಳಲಿಲ್ಲ ಅಮ್ಮ?"

"ಹೇಳ್ಬೇಡ ಅಂತ ಕೈ ಹಿಡ್ಕೊಂಡು ಅತ್ತಳು. ನಂಗೆ ಅವಳ ಮಾತು ಪೂರ್ತಿ ಎಲ್ಲಿ ಅರ್ಥ ಆಗ್ತದೆ? ಇಷ್ಟು ಅರ್ಥ ಆಯ್ತು."

ಮೇಘನ ಹೋಗಿ ಅಪೂರ್ವಾಳ ಎದುರಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಅಪೂರ್ವಾ ಬೆಚ್ಚಿ ಹಿಂದಕ್ಕೆ ಸರಿದಳು. ಆಮೇಲೆ ಅವಳ ಕಣ್ಣು ಮೇಘನಳ ಹಣೆ, ಕಣ್ಣು, ಬಾಯಿಯನ್ನು ಒಂದೊಂದಾಗಿ ಹುಡುಕಿ ಜೋಡಿಸಿತು. ಹತ್ತಿ ಕೆಳಗೆ ಬಿತ್ತು.

ಮೊದಲು ಮೇಘನಳಿಗೆ ಬಂದದ್ದು ಸಿಟ್ಟು. ಅವಳ ಕೈಗಳು ಹೊಡೆಯುವ ಹಾಗೆ ಆಡಿದವು. "ನಾನು ನಿನ್ನ ಹತ್ರ ಜಗಳ ಮಾಡ್ದೆ! ಡಬ್ಬಿ ಬದಲಾಯಿಸು ಅಂದೆ! ನೀನು ಸುಮ್ನೆ ಅನ್ನಿಸ್ಕೊಂಡೆ! ಯಾಕೆ? ಹೇಳೋಕೆ ಏನಾಗಿತ್ತು?" ಅಪೂರ್ವಾ ಅವಳ ಕೈಗಳನ್ನು ಹಿಂಬಾಲಿಸಲಾಗದೆ ತಲೆಯನ್ನು ಅತ್ತಿತ್ತ ಹೊರಳಿಸುತ್ತಿದ್ದಳು. ಅದನ್ನು ನೋಡಿ ಮೇಘನ ನಿಲ್ಲಿಸಿದಳು.

ಅಪೂರ್ವಾಳ ಕೈ ಮಾತ್ರ ಎಂದಿನಂತೆಯೇ ಚೆಂದವಾಗಿ ಆಡಿತು.

"ಹೇಳಿದ್ರೆ ನೀನು ನಿನ್ನ ಸುದ್ದಿ ಹೇಳೋದು ಬಿಟ್ಟು ನನ್ನ ಕಣ್ಣನ್ನೇ ನೋಡ್ತಾ ಕೂರ್ತಿದ್ದೆ. ನಂಗೆ ಆ ಚಿಕ್ಕಪ್ಪನ ಕಥೆ ಬೇಕಿತ್ತು. ನಿಮ್ಮ ಹಳೇ ಬಾಕ್ಸ್ ಕೆಟ್ಟಾಗ ನಂಗೆ ಖುಷಿ ಆಗಿತ್ತು ಕಣೇ. ಕಾಣದೇ ಇದ್ದದ್ದನ್ನೆಲ್ಲ ಅದರ ಮೇಲೆ ಹಾಕಿದೆ. ಹೊಸದು ತರ್ತೀನಿ ಅಂತ ನೀನು ಕುಣಿದಾಗ ಹೆದರಿಕೆ ಆಯ್ತು. ಹಳೇದೇ ಇದ್ದಿದ್ರೆ ಇನ್ನೂ ಸ್ವಲ್ಪ ದಿನ ಹಂಗೇ ನಡೀತಿತ್ತು."

ಅರ್ಪಣಾ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಏನೆಂದಳು, ಏನೆಂದಳು ಎಂದು ಭಾರ್ಗವಿ ಅವಳ ತೋಳು ಹಿಡಿದು ಕೇಳುತ್ತಿದ್ದರು. ಹೆತ್ತ ತಾಯಿಗೆ ಮಗಳ ಮಾತನ್ನು ಪರವೂರಿನವಳೊಬ್ಬಳು ಹೇಳಬೇಕಾಗಿ ಬಂತು. ಅರ್ಪಣಾ ಹೇಳಿದಳು. ಭಾರ್ಗವಿ ಅಲ್ಲೇ ಹೊಸ್ತಿಲ ಮೇಲೆ ಕೂತರು.

ಆ ಮಧ್ಯಾಹ್ನ ಊಟವಾದ ಮೇಲೆ ಮೇಘನ ಅಪೂರ್ವಾಳ ಕಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದಳು. ಆಮೇಲೆ ಅವಳ ಎರಡೂ ಕೈಗಳನ್ನು ತೆಗೆದು ತನ್ನ ಕೈಗಳ ಮೇಲೆ ಇಟ್ಟುಕೊಂಡು ನಿಧಾನವಾಗಿ ಒಂದು ಸನ್ನೆ ಮಾಡಿದಳು. ಕುರುಡರೂ ಕಿವುಡರೂ ಆದವರು ಹೀಗೆ ಮಾತಾಡುವ ವೀಡಿಯೊವೊಂದನ್ನು ಅವಳು ಹಿಂದೆ ಎಲ್ಲೋ ನೋಡಿದ್ದಳಂತೆ. ಅಪೂರ್ವಾಳಿಗೆ ತಿಳಿಯಲಿಲ್ಲ. ಮತ್ತೆ ಮಾಡಿದಳು. ಹಸಿವು ಎಂದದ್ದು ಇವಳಿಗೆ ನೋವು ಎಂದು ತಿಳಿಯಿತು, ನದಿ ಎಂದದ್ದು ದಾರಿಯಾಯಿತು. ಒಂದೆರಡು ಸಲ ನಗು ಬಂತು. ಆಮೇಲೆ ಅಪೂರ್ವಾ ಕೈ ಕಿತ್ತುಕೊಂಡು, "ಬೇಡ. ಇನ್ನೂ ಕಾಣ್ತದೆ ನಂಗೆ. ಕಾಣುವಷ್ಟು ದಿನ ಕಣ್ಣಲ್ಲೇ ಮಾತಾಡು," ಎಂದು ಅಳತೊಡಗಿದಳು.

ಹಿಂದಿರುಗುವಾಗ ಬಸ್ಸು ಕೊಪ್ಪ ದಾಟಿದ ಮೇಲೆ ಮೇಘನ ಮೊದಲ ಸಲ ಕೈ ಎತ್ತಿದಳು.

"ಅತ್ತಿಗೆ, ನಿನ್ನ ಕಣ್ಣು ಯಾವಾಗಾದ್ರೂ ಟೆಸ್ಟ್ ಮಾಡ್ಸಿದ್ದೀಯಾ?"

"ನಂದು ಚೆನ್ನಾಗಿದೆ ಕಣೇ."

"ಆದ್ರೂ ಮಾಡ್ಸು," ಎಂದಳು ಮೇಘನ. ಅರ್ಪಣಾಳ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಆ ವರ್ಷದ ಉಳಿದ ತಿಂಗಳು ಅಪೂರ್ವಾಳ ಬೆಳಕು ಕಿರಿದಾಗುತ್ತಲೇ ಹೋಯಿತು. ಮೇಘನ ಬಿಡುವಿದ್ದ ಭಾನುವಾರಗಳಲ್ಲಿ ಶೃಂಗೇರಿಗೆ ಹೋಗಿ ಬರುತ್ತಿದ್ದಳು. ಕೈ ಮೇಲೆ ಕೈಯಿಟ್ಟು ಮಾತಾಡುವುದನ್ನು ಅಪೂರ್ವಾ ಒಲ್ಲದ ಮನಸ್ಸಿನಿಂದಲೇ ಕಲಿತಳು. ಆದರೆ ಅದಕ್ಕೆ ಎದುರಿಗೇ ಇರಬೇಕು. ಉಳಿದ ಸಂಜೆಗಳಿಗೆ ಏನು ಮಾಡುವುದು? ಭಾರ್ಗವಿ ತಾವೇ ಒಂದು ದಿನ ಅರ್ಪಣಾಳಿಗೆ ಫೋನ್ ಮಾಡಿದರು. "ಮೇಘನ ನಂಗೆ ಕಲಿಸ್ತಾಳಾ ಕೇಳಿ. ಮೂವತ್ತು ವರ್ಷ ಊಟ, ಸ್ನಾನ ಅಷ್ಟರಲ್ಲೇ ಕಳೆದುಬಿಟ್ಟೆ," ಎಂದರು. ಹೊಸ ರೂಟರಿನ ಕೆಳಗೆ ಸಂಜೆಯ ಹೊತ್ತು ಪಾಠ ಶುರುವಾಯಿತು. ಶೃಂಗೇರಿಯಲ್ಲಿ ಭಾರ್ಗವಿ ಕನ್ನಡಕ ಹಾಕಿಕೊಂಡು ಫೋನಿನ ಮುಂದೆ ಕೂರುವರು, ಪಕ್ಕದಲ್ಲಿ ಅಪೂರ್ವಾ. ಮೇಘನ ಮಾಡಿದ ಸನ್ನೆಯನ್ನು ನೋಡಿ, ತಮ್ಮ ಒರಟು ಬೆರಳಲ್ಲಿ ಅದನ್ನೇ ಮಗಳ ಕೈಯೊಳಗೆ ಮಾಡುವರು. ಎಷ್ಟೋ ಸಲ ತಪ್ಪುವರು. ಅಪೂರ್ವಾ ತಾಳ್ಮೆಯಿಂದ ಅಮ್ಮನ ಬೆರಳು ಹಿಡಿದು ತಿದ್ದುವಳು.

ದೀಪಾವಳಿಯ ಹೊತ್ತಿಗೆ ಅಪೂರ್ವಾಳಿಗೆ ಪರದೆಯ ಮೇಲಿನ ಕೈ ಕಾಣುವುದು ನಿಂತಿತ್ತು, ಭಾರ್ಗವಿಗೆ ಕೈಮಾತು ಸಾಕಷ್ಟು ಬರತೊಡಗಿತ್ತು. ಆದರೆ ಅಮ್ಮನ ಕೈ ದಾಟಿಸಿ ಹೇಳಲಾಗದ ಮಾತುಗಳು ಇಬ್ಬರಿಗೂ ಇದ್ದವು. ಬೀಗರ ಜಗಳ, ಸ್ಟುಡಿಯೋಕ್ಕೆ ಬರುವ ಹುಡುಗರು, ಹಾಸ್ಟೆಲಿನ ಹಳೆಯ ಪೋಲಿ ಅಣಕಗಳು ಮೆಲ್ಲಗೆ ಮಾತಿನಿಂದ ಜಾರಿಹೋದವು. ಉಳಿದದ್ದು ಊಟ, ಮಳೆ, ಔಷಧ, ಹಬ್ಬ.

ಒಂದು ಸಂಜೆ ಅರ್ಪಣಾ ಕಾಫಿ ಹಿಡಿದುಕೊಂಡು ಕೋಣೆಗೆ ಬಂದಳು. ಆ ಕಡೆ ಭಾರ್ಗವಿ ದೇವರ ದೀಪ ಹಚ್ಚಲು ಎದ್ದು ಹೋಗಿದ್ದರು. ಅಪೂರ್ವಾ ಒಬ್ಬಳೇ ಫೋನಿನ ಕಡೆ ಮುಖ ಮಾಡಿ ಕೂತಿದ್ದಳು. ಅಮ್ಮ ಇಲ್ಲವೆಂದು ಪಕ್ಕ ತಡವಿ ಖಚಿತ ಮಾಡಿಕೊಂಡು, ಅವಳ ಕೈಗಳು ಹಿಂದಿನಂತೆ ರಭಸದಿಂದ ಆಡತೊಡಗಿದವು. ರಾತ್ರಿ ನಿದ್ದೆ ಬರುವುದಿಲ್ಲ, ಎಚ್ಚರವಿದ್ದೇನೋ ಮಲಗಿದ್ದೇನೋ ತಿಳಿಯುವುದಿಲ್ಲ ಎಂದಳು. ಅಪ್ಪ ಎದುರಿಗೆ ಬಂದು ನಿಂತರೆ ಅವರ ವಿಭೂತಿಯ ವಾಸನೆಯಿಂದ ಗೊತ್ತಾಗುತ್ತದೆ, ಅವರು ಮುಟ್ಟದೆ ಹಾಗೇ ಹೋಗಿಬಿಡುತ್ತಾರೆ ಎಂದಳು. ನಿನ್ನ ಮುಖ ಮರೆತುಹೋಗುತ್ತಿದೆ ಮೇಘನಾ, ಮುಂದಿನ ಸಲ ಬಂದಾಗ ನಿನ್ನ ಮುಖ ಮುಟ್ಟಲು ಬಿಡು ಎಂದಳು. ಅವಳ ದೃಷ್ಟಿ ಫೋನಿನಿಂದ ಸ್ವಲ್ಪ ಪಕ್ಕಕ್ಕೆ, ಏನೂ ಇಲ್ಲದ ಕಡೆ ನೆಟ್ಟಿತ್ತು.

ಚಿತ್ರ ಎಲ್ಲೂ ಕಡಿಯಲಿಲ್ಲ, ನಿಲ್ಲಲಿಲ್ಲ. ಮೇಘನ ಫೋನಿನ ಮುಂದೆ ಬಗ್ಗಿ, ಎರಡೂ ಕೈಯೆತ್ತಿ ಉತ್ತರ ಕೊಡುತ್ತಿದ್ದಳು. ಮುಟ್ಟು, ಎಷ್ಟು ಬೇಕಾದರೂ ಮುಟ್ಟು, ಈ ಭಾನುವಾರವೇ ಬರುತ್ತೇನೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅದನ್ನು ನೋಡುವವರು ಆ ಕೋಣೆಯಲ್ಲಿ ಅರ್ಪಣಾ ಒಬ್ಬಳೇ ಇದ್ದಳು.